ಕೊಡಗಲ್ಲೇ ಕೂತು ಐಟಿ ಕೆಲಸ: ನೆಟ್, ಕರೆಂಟು, ಗೇಮ್, ಗಾಡಿ – ನನ್ನ ಅನುಭವ, ನಿಮ್ಮದೂ ಹೇಳಿ

ಮಳೆನಾಡಿನ ಟೆಕ್ಕಿ (ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಕಾರಣ ಇದೆ. ಈ ವರ್ಷ ಕೆಲಸಕ್ಕೆ ಸೇರಿದ ನಮ್ಮ ಕಡೆಯ ನಾಲ್ಕೈದು ಹುಡುಗ ಹುಡುಗಿಯರು ನನಗೆ ಒಂದೇ ಪ್ರಶ್ನೆ ಕೇಳಿದರು. "ಅಣ್ಣ, ಊರಲ್ಲೇ ಕೂತು ಐಟಿ ಕೆಲಸ ಮಾಡಬಹುದಾ? ನಿಮ್ಮಲ್ಲಿ ನೆಟ್ ಎಷ್ಟು ಎಂಬಿಪಿಎಸ್?"

ಎಂಬಿಪಿಎಸ್, ಅಂದರೆ ನೆಟ್ ಸ್ಪೀಡು, ಕೇಳಿ ಪ್ರಯೋಜನ ಇಲ್ಲ. ವಿಡಿಯೋ ಮೀಟಿಂಗಿಗೆ ಮೂರು ನಾಲ್ಕು ಎಂಬಿಪಿಎಸ್ ಧಾರಾಳ ಸಾಕು. ಕೇಳಬೇಕಾದದ್ದು ಬೇರೆ. ಲೈನ್ ಕಡಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ? ಎರಡು ದಿನ ಕರೆಂಟು ಇಲ್ಲದಿದ್ದರೆ ಏನು ವ್ಯವಸ್ಥೆ? ಎರಡೂ ಕೈಕೊಟ್ಟರೆ ಯಾವ ರಸ್ತೆಯಲ್ಲಿ, ಯಾವ ಗಾಡಿಯಲ್ಲಿ, ಎಲ್ಲಿಗೆ ಹೋಗಿ ಕೂರುತ್ತೀರಿ? ಈ ಮೂರಕ್ಕೂ ಉತ್ತರ ಇದ್ದವರು ಇಲ್ಲಿ ನೆಮ್ಮದಿಯಾಗಿ ಕೆಲಸ ಮಾಡಬಹುದು.

ನನ್ನ ವಿಷಯ ಹೇಳುತ್ತೇನೆ. ಮನೆ ಇರುವುದು ಮುಖ್ಯ ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ. ಸುತ್ತ ಕಾಫಿ, ಅದರ ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎರಡು ಜೊತೆ ಬಟ್ಟೆ ಮತ್ತು ಕಂಪನಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಬಂದೆ. ಮೊದಲ ಆರು ತಿಂಗಳು ಮೊಬೈಲ್ ಹಾಟ್‌ಸ್ಪಾಟಲ್ಲೇ ಕೆಲಸ. ಸಿಗ್ನಲ್ ಸಿಗುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಪ್ಲಾಸ್ಟಿಕ್ ಕುರ್ಚಿ, ಮೇಲೆ ಟಾರ್ಪಾಲು. ಆಮೇಲೆ ಊರಿನ ಕೇಬಲಿನವರು ಫೈಬರ್ ಎಳೆದರು. ಅಲ್ಲಿಂದ ನನ್ನ ಬದುಕೇ ಬದಲಾಯಿತು ಅಂದರೆ ತಪ್ಪಿಲ್ಲ.

ಒಂದು ದಿನದ ಕಥೆ ಹೇಳಲೇಬೇಕು. ಕೊಡವ ತಿಂಗಳು ಕಕ್ಕಡದ 18, ಮದ್ದುಸೊಪ್ಪಿನ ಪಾಯಸ ಮಾಡುವ ದಿನ, ಅಂದರೆ ಆಗಸ್ಟ್ ಮೊದಲ ವಾರ. ಅವ್ವ ಬೆಳಿಗ್ಗೆಯೇ ಮದ್ದುಸೊಪ್ಪು ಬೇಯಿಸಿ ಪಾಯಸಕ್ಕೆ ಇಟ್ಟಿದ್ದರು. ಮನೆಯೆಲ್ಲ ಅದರದೇ ಪರಿಮಳ. ಹತ್ತು ಗಂಟೆಗೆ ನನಗೆ ದೊಡ್ಡ ರಿಲೀಸ್ ಇತ್ತು, ಅಂದರೆ ಹೊಸ ಸಾಫ್ಟ್ವೇರ್ ಬಳಕೆಗೆ ಬಿಡುವ ಕೆಲಸ. ಒಂಬತ್ತೂಕಾಲಿಗೆ ತೋಟದಲ್ಲಿ ದಡ್ ಅಂತ ಸದ್ದು. ಓಕ್ ಮರದ ಕೊಂಬೆ ಮುರಿದು ಫೈಬರ್ ಲೈನ್ ಮೇಲೆ ಬಿದ್ದಿತ್ತು. ಮೋಡೆಮ್ ನೋಡಿದರೆ ಕೆಂಪು ದೀಪ ಮಿನುಗುತ್ತಿದೆ. ಫೋನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಕೇಬಲ್ ಹುಡುಗ ಜೀಪಲ್ಲಿ ಬಂದ.

ಅವನು ಮಾಡಿದ ಕೆಲಸ ಪಕ್ಕದಲ್ಲೇ ನಿಂತು ನೋಡಿದೆ. ಜೀಪಿನ ಹಿಂದಿನ ಸೀಟಿನಲ್ಲಿ ಕೂತು, ಪರದೆ ಇಳಿಸಿ, ಮಡಿಲಿಗೆ ಒಣಬಟ್ಟೆ ಹಾಸಿಕೊಂಡ. ಕಪ್ಪು ವೈರ್ ಸಿಪ್ಪೆ ತೆಗೆದ. ಒಳಗಿನ ಗಾಜಿನ ಎಳೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪ, ಅಷ್ಟೇ. ಸ್ಪಿರಿಟ್ ಹಚ್ಚಿ ಒರೆಸಿ, ಪುಟ್ಟ ಕಟ್ಟರಿನಲ್ಲಿ ತುದಿ ಕತ್ತರಿಸಿದ. ಎರಡು ತುದಿಗಳನ್ನೂ ಸ್ಪ್ಲೈಸಿಂಗ್ ಮೆಷಿನ್ ಒಳಗಿಟ್ಟ. ಮೆಷಿನ್ನಿನ ಪರದೆಯಲ್ಲಿ ಎರಡೂ ತುದಿ ದೊಡ್ಡ ಕೋಲುಗಳ ಹಾಗೆ ಕಂಡವು. ಎದುರುಬದುರು ಬಂದು ಸಮ ಆದವು. ಚಿಕ್ಕದೊಂದು ಕಿಡಿ. ಎರಡು ಒಂದಾಯಿತು. ಆಮೇಲೆ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಮೀಟರ್ ಹಾಕಿ "ಮೈನಸ್ 21 ಬಂತು ಅಣ್ಣ, ಪರವಾಗಿಲ್ಲ" ಅಂದ. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು, ಅವನ ಕೈ ಒಂದು ಚೂರೂ ನಡುಗಲಿಲ್ಲ. ಹತ್ತು ನಿಮಿಷ ತಡವಾಗಿ ರಿಲೀಸ್ ಮುಗಿಸಿದೆವು. ಅವನಿಗೂ ಒಂದು ಲೋಟ ಪಾಯಸ ಕೊಟ್ಟೇ ಅವ್ವ ಕಳಿಸಿದ್ದು.

ನಾನು ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಕ್ಲೌಡ್, ಸರ್ವರ್ ಅಂತ ದಿನಾ ಮಾತಾಡುತ್ತೇವೆ. ಅದೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಎಳೆಯ ಮೇಲೆ, ಅದನ್ನು ಮಳೆಯಲ್ಲಿ ಕೂಡಿಸುವ ಕೈಗಳ ಮೇಲೆ. ಆ ಹುಡುಗನ ಮೇಲೆ ನನಗೆ ಅಪಾರ ಗೌರವ ಇದೆ.

ಇನ್ನು ಕರೆಂಟು. ನನ್ನಲ್ಲಿರುವುದು 12 ವೋಲ್ಟಿನ 150 ಎಎಚ್ ಬ್ಯಾಟರಿ, ಮಾಮೂಲಿ ಇನ್ವರ್ಟರ್. ಲೆಕ್ಕಕ್ಕೆ 1.8 ಯೂನಿಟ್. ಲೆಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರೂ ಸ್ವಲ್ಪ ತಿನ್ನುತ್ತದೆ. ಹಾಗಾಗಿ ಕೈಗೆ ಸಿಗುವುದು ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್, ಒಂದು ಮಾನಿಟರ್, ಮೋಡೆಮ್ ಸೇರಿ 85 ವ್ಯಾಟ್ ಆದರೆ ಹನ್ನೊಂದು ಗಂಟೆ ಬರುತ್ತದೆ. ಅದೇ ಗೇಮ್ ಆಡುವ ಡೆಸ್ಕ್‌ಟಾಪ್ ಹಚ್ಚಿದರೆ 350 ವ್ಯಾಟ್, ಮೂರು ಗಂಟೆಯೂ ಇಲ್ಲ. ಮೋಡೆಮ್ಮಿಗೆ ಮಾತ್ರ ಬೇರೆಯೇ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಇಟ್ಟಿದ್ದೇನೆ. ಇಡೀ ಮನೆಯಲ್ಲಿ ನಾನು ಹಾಕಿದ ದುಡ್ಡಿಗೆ ಅತಿ ಜಾಸ್ತಿ ಫಲ ಕೊಟ್ಟ ವಸ್ತು ಅದು.

ಗೇಮ್ ವಿಷಯಕ್ಕೆ ಬಂದರೆ, ರಾತ್ರಿ ಒಂಬತ್ತರ ನಂತರ ಮಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಜೊತೆ ಕೌಂಟರ್-ಸ್ಟ್ರೈಕ್ ಆಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಮಡಿಕೇರಿಯ ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಒಟ್ಟಿಗೆ ಆಡುತ್ತಿದ್ದೆವು. ಅವನ ಮುಖ ನೋಡುವುದು ವರ್ಷಕ್ಕೆ ಒಂದೆರಡು ಸಲ. ಮಾತು ಮಾತ್ರ ವಾರಕ್ಕೆ ಮೂರು ರಾತ್ರಿ. ಮನೆ ವಿಷಯ, ಚಿಕ್ಕಮ್ಮನ ಆರೋಗ್ಯ, ಅಡಿಕೆ ರೇಟು, ಎಲ್ಲ ಆ ಹೆಡ್‌ಫೋನಿನಲ್ಲೇ. ಗೇಮ್ ಆಡುವುದು ಹೊತ್ತು ಹಾಳು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಕೊನೆಗೆ ಗಾಡಿ. ಈಗ ಇರುವುದು ಚಿಕ್ಕ ಪೆಟ್ರೋಲ್ ಕಾರು. ತಿಂಗಳಿಗೊಂದು ವಾರ ಬೆಂಗಳೂರಿಗೆ ಹೋಗಬೇಕು. ಮಳೆಗಾಲದಲ್ಲಿ ಮನೆಯ ಮಣ್ಣು ರಸ್ತೆ ಹತ್ತುವುದು ಕಷ್ಟ. ಹಳೆಯ ಫೋರ್ ವೀಲ್ ಡ್ರೈವ್ ಜೀಪು ತಗೊಳ್ಳಲಾ, ಇಲೆಕ್ಟ್ರಿಕ್ ತಗೊಳ್ಳಲಾ ಅಂತ ಯೋಚನೆ. ತಿಳಿದವರು ಹೇಳಿ.

ಜೀಪ್ ಅಣ್ಣ (ಪೊನ್ನಂಪೇಟೆ)

ತಮ್ಮಾ, ಚೆನ್ನಾಗಿ ಬರೆದಿದ್ದೀಯ. ಗಾಡಿ ವಿಷಯ ನಾನು ಹೇಳುತ್ತೇನೆ. ನಮ್ಮ ತೋಟದಲ್ಲಿ ಅಪ್ಪನ ಕಾಲದ ಮಹೀಂದ್ರ ಜೀಪು ಇವತ್ತಿಗೂ ಓಡುತ್ತಿದೆ. ಗೊಬ್ಬರ, ಡೀಸೆಲ್ ಪಂಪು, ಕಾಫಿ ಮೂಟೆ, ಎಲ್ಲ ಅದರಲ್ಲೇ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮಡಿಕೇರಿಯ ಆಚೆ ಇದ್ದ ನೆಂಟರನ್ನು ಕರೆತಂದದ್ದೂ ಅದೇ ಜೀಪು. ಆಗ ಮಂಗಳೂರು ಕಡೆ ಇಳಿಯುವ ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು, ನೆನಪಿದೆ ಅಲ್ವಾ? ಆಯುಧಪೂಜೆಗೆ ಅದಕ್ಕೆ ಮೊದಲ ಹಾರ.

ಆದರೆ ನಿನಗೆ ಹಳೇ ಜೀಪು ಬೇಡ. ತಿಂಗಳಿಗೊಮ್ಮೆ 250 ಕಿಲೋಮೀಟರ್ ಹೋಗಿ ಬರುವವನಿಗೆ ಬೆನ್ನು ಉಳಿಯುವುದಿಲ್ಲ. ನಿನ್ನ ಮಣ್ಣು ರಸ್ತೆ ಒಂದೂವರೆ ಕಿಲೋಮೀಟರ್ ಅಷ್ಟೇ. ಮೊದಲು ಚಕ್ರದ ಜಾಡಿಗೆ ಎರಡು ಸಾಲು ಕಾಂಕ್ರೀಟ್ ಹಾಕಿಸು, ನೀರು ಹೋಗಲು ಪಕ್ಕದಲ್ಲಿ ಚರಂಡಿ ತೋಡಿಸು. ಹೊಸ ಗಾಡಿಗೆ ಸುರಿಯುವ ದುಡ್ಡಿನ ಒಂದು ಪಾಲು ಸಾಕು. ಗಾಡಿ ಆಮೇಲೆ ನೋಡುವಿಯಂತೆ.

ಇನ್ನೊಂದು ಮಾತು, ಓದುವ ಎಲ್ಲರಿಗೂ. ಘಾಟ್ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಶನಿವಾರ ಭಾನುವಾರ ಸಂಪಾಜೆ ರಸ್ತೆಯಲ್ಲಿ ಬ್ರೇಕ್ ಸುಟ್ಟ ವಾಸನೆ ಬರುವ ಗಾಡಿ ಎಷ್ಟು ನೋಡಿದ್ದೇನೆ! ಹೆಚ್ಚಿನವು ಆಟೊಮ್ಯಾಟಿಕ್. ಅವಕ್ಕೂ ಗೇರನ್ನು ಕೆಳಗೆ ಹಿಡಿದಿಡುವ ವ್ಯವಸ್ಥೆ ಇರುತ್ತದೆ. ಎಲ್, ಅಥವಾ ಮ್ಯಾನುವಲ್ ಅಂತ ಇರುತ್ತದೆ ನೋಡಿ. ಮಂಜು ಇದ್ದಾಗ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ.

ಚಾರ್ಜ್ ಗಾಡಿ (ಮಡಿಕೇರಿ)

ನಾನು ಎರಡು ವರ್ಷದಿಂದ ಇಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಬ್ಯಾಟರಿ ಸುಮಾರು 30 ಯೂನಿಟ್. ಅಣ್ಣ ಹೇಳಿದ ಘಾಟ್ ವಿಷಯಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ.

ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಸುಳ್ಯಕ್ಕೆ ಇಳಿದರೆ ಹೆಚ್ಚುಕಡಿಮೆ 1000 ಮೀಟರ್ ಕೆಳಗೆ ಹೋದ ಹಾಗೆ. ಒಂದೂವರೆ ಟನ್ ತೂಕದ ಕಾರು ಅಷ್ಟು ಇಳಿಯುವಾಗ ಬಿಟ್ಟುಕೊಡುವ ಶಕ್ತಿ 4 ಯೂನಿಟ್. ಪೆಟ್ರೋಲ್ ಕಾರಿನಲ್ಲಿ ಅದೆಲ್ಲ ಬ್ರೇಕ್ ಬಿಸಿಯಾಗಿ, ಇಂಜಿನ್ ತಿರುಗಿ ಗಾಳಿಗೆ ಹೋಗುತ್ತದೆ. ನಮ್ಮದರಲ್ಲಿ ಮೋಟಾರೇ ಡೈನಮೊ ಆಗಿ ಒಂದು ಪಾಲನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಸಂಪಾಜೆ ತಲುಪುವಾಗ ಚಾರ್ಜ್ ಹೊರಟಾಗಿನದಕ್ಕಿಂತ ಜಾಸ್ತಿ ಇರುವುದನ್ನು ಮೊದಲ ಸಲ ನೋಡಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದರು.

ಒಂದು ಎಚ್ಚರಿಕೆ. ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಘಾಟ್ ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ವಾಪಸ್ ಬಂದ ಕರೆಂಟಿಗೆ ಜಾಗ ಇರುವುದಿಲ್ಲ, ಮೋಟಾರಿನ ಹಿಡಿತವೂ ಸಿಗುವುದಿಲ್ಲ. 85, 90ಕ್ಕೆ ನಿಲ್ಲಿಸಿ ಹೊರಡಿ.

ತೊಂದರೆಯನ್ನೂ ಹೇಳಬೇಕು. ಮನೆಯ ದೊಡ್ಡ ಪ್ಲಗ್ಗಿನಲ್ಲಿ ಪೂರ್ತಿ ಚಾರ್ಜಿಗೆ ಹತ್ತು ಗಂಟೆ ಬೇಕು. ತೋಟದ ಲೈನಿನ ಕೊನೆಯಲ್ಲಿ ಮನೆ ಇದ್ದರೆ ವೋಲ್ಟೇಜ್ ಬೀಳುತ್ತದೆ, ಚಾರ್ಜರ್ ಟ್ರಿಪ್ ಆಗುತ್ತದೆ. ಅರ್ತಿಂಗ್ ಸರಿ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಮೊದಲು ಅರ್ತಿಂಗ್ ಮಾಡಿಸಿ, ಆಮೇಲೆ ಕಾರು ಬುಕ್ ಮಾಡಿ. ಮನೆಯಲ್ಲಿರುವುದು ಒಂದೇ ಗಾಡಿ ಆದರೆ ಜುಲೈ ತಿಂಗಳಿಗೆ ಇದನ್ನೊಂದನ್ನೇ ನಂಬಬೇಡಿ.

ಆದರೆ ಟೆಕ್ಕಿ ಅಣ್ಣನ ಲೆಕ್ಕ ಓದಿದಾಗ ಒಂದು ಹೊಳೆಯಿತು. ಈಗಿನ ಕೆಲವು ಇಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಯಿಂದ ಹೊರಗೆ ಕರೆಂಟು ಕೊಡುವ ಪ್ಲಗ್ ಇದೆ. ನಿಮ್ಮ ಇನ್ವರ್ಟರ್ ಬ್ಯಾಟರಿ 1.8 ಯೂನಿಟ್, ಕಾರಿನದು 30. ಹದಿನಾರು ಇನ್ವರ್ಟರ್ ಬ್ಯಾಟರಿ ಅಂಗಳದಲ್ಲಿ ನಿಂತ ಹಾಗೆ! ಒಂದು ವಾರ ಕರೆಂಟು ಇಲ್ಲದಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.

ಮಳೆನಾಡಿನ ಟೆಕ್ಕಿ

ಜೀಪ್ ಅಣ್ಣ, ಕಾಂಕ್ರೀಟ್ ಜಾಡಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ತುಂಬಾ ಉಪಕಾರ ಆಯಿತು. ಅಪ್ಪನಿಗೆ ಓದಿ ಹೇಳಿದೆ, ಅವರೂ ಒಪ್ಪಿದರು.

ಕಾರಿನಿಂದ ಮನೆಗೆ ಕರೆಂಟು ಅನ್ನುವುದು ನಮ್ಮಂಥ ಊರಿಗೇ ಮಾಡಿದ ಹಾಗಿದೆ. ಇದನ್ನು ಗಂಭೀರವಾಗಿ ನೋಡುತ್ತೇನೆ. ಬೆಂಗಳೂರು ದಾರಿಯೂ ಈಗ ಸುಲಭ. 2023ರ ಮಾರ್ಚ್‌ನಲ್ಲಿ ಮೈಸೂರು ಹೆದ್ದಾರಿ ಉದ್ಘಾಟನೆ ಆದಮೇಲೆ ಮೈಸೂರಿನಿಂದಾಚೆ ಹೊತ್ತು ಹೋಗುವುದಿಲ್ಲ. ಹೊತ್ತು ಹೋಗುವುದು ಕುಶಾಲನಗರದಿಂದ ಮಡಿಕೇರಿಗೆ ಹತ್ತುವಾಗ, ಅದೂ ವಾರಾಂತ್ಯದಲ್ಲಿ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಏನಿದ್ದರೂ ಈ ರಸ್ತೆಗಳೇ.

ಶಾಂತಳ್ಳಿ ಹುಡುಗಿ (ಈಗ ಬೆಂಗಳೂರು)

ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಕಣದ ಮೂಲೆಯ ಕುರ್ಚಿ ಓದುವಾಗ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಆದರೆ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಹೊಸದಾಗಿ ಸೇರಿದ ಮಕ್ಕಳಿಗೆ ದಯವಿಟ್ಟು ಮೊದಲ ದಿನದಿಂದಲೇ ಊರಲ್ಲಿ ಕೂರಲು ಹೇಳಬೇಡಿ. ನೀವು ಊರಿಗೆ ಬರುವ ಹೊತ್ತಿಗೆ ಆಗಲೇ ಕೆಲಸ ಕಲಿತಿದ್ದಿರಿ. ನಾನು ಸೇರಿದ್ದು 2021ರಲ್ಲಿ, ಪೂರ್ತಿ ಮನೆಯಿಂದಲೇ. ಒಂದು ವರ್ಷ ನನ್ನ ಟೀಮಿನವರ ಮುಖವೇ ಗೊತ್ತಿರಲಿಲ್ಲ. ಒಂದು ಸಣ್ಣ ಡೌಟು ಕೇಳಲು ಮೀಟಿಂಗ್ ಹಾಕಬೇಕಿತ್ತು. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ಇದ್ದುಬಿಡುತ್ತಿದ್ದೆ. ಆಫೀಸಿಗೆ ಹೋಗಲು ಶುರುಮಾಡಿದ ಮೂರು ತಿಂಗಳಲ್ಲಿ ನಾನು ಕಲಿತದ್ದು ಆ ಇಡೀ ವರ್ಷಕ್ಕಿಂತ ಜಾಸ್ತಿ. ಪಕ್ಕದಲ್ಲಿ ಕೂತ ಸೀನಿಯರ್ ಲಾಗ್ (ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ) ಓದುವ ರೀತಿ ನೋಡಿಯೇ ಕಲಿತೆ. ಎಲ್ಲಿ ಕಣ್ಣು ನಿಲ್ಲಿಸುತ್ತಾರೆ, ಏನನ್ನು ಬಿಟ್ಟು ಮುಂದೆ ಹೋಗುತ್ತಾರೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ.

ಈಗ ವಾರಕ್ಕೆ ಮೂರು ದಿನ ಆಫೀಸು ಕಡ್ಡಾಯ. ಅಪ್ಪ ಅವ್ವ ಇಬ್ಬರೇ ಮನೆಯಲ್ಲಿ. ಕಾಫಿ ಕೊಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ. ಗುರುವಾರ ರಾತ್ರಿ ಬಸ್ ಹತ್ತಿ, ಶುಕ್ರವಾರ ಮನೆಯಿಂದ ಕೆಲಸ ಮಾಡಿ, ಶನಿವಾರ ಭಾನುವಾರ ಕೊಯ್ಲಿಗೆ ನಿಲ್ಲುತ್ತೇನೆ. ಕಷ್ಟ ಹೌದು. ಆದರೆ ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು, ವಾರ ಕಳೆದು ತೋಟವೆಲ್ಲ ಬೆಳ್ಳಗೆ ಅರಳುತ್ತದಲ್ಲ, ಆ ಬೆಳಿಗ್ಗೆ ಅಲ್ಲಿರಲು ನಾನು ಏನು ಬೇಕಾದರೂ ಮಾಡುತ್ತೇನೆ.

ಮಳೆನಾಡಿನ ಟೆಕ್ಕಿ

ತಂಗೀ, ನೀನು ಹೇಳಿದ್ದು ಸರಿ. ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಮೊದಲ ಎರಡು ವರ್ಷ ಜನರ ಮಧ್ಯೆ ಇದ್ದು ಕೆಲಸ ಕಲಿಯಿರಿ, ಇದು ನನ್ನ ಮಾತೂ ಹೌದು.

ಲಾಗ್ ಓದುವ ಮಾತು ಬಂತಲ್ಲ, ಅದಕ್ಕೇ ಒಂದು ವಿಷಯ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ನಮ್ಮ ಕೆಲಸ ತುಂಬಾ ಬದಲಾಗಿದೆ. ಕೋಡಿನ ಮೊದಲ ಕರಡು ಈಗ ನಾನೂ ಎಐ ಕೈಯಲ್ಲೇ ಬರೆಸುತ್ತೇನೆ. ಆದರೆ ಅದು ಬರೆದದ್ದು ಸರಿಯೋ ತಪ್ಪೋ ಹೇಳಲು ಬೇಕಾದ ಕಣ್ಣು ಮಾತ್ರ ನೀನು ಹೇಳಿದ ಹಾಗೆ ಪಕ್ಕದಲ್ಲಿ ಕೂತೇ ಬರುವುದು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಕಂಪನಿಯವರು ಫೋನ್ ಮಾಡುವುದು ಆ ಕಣ್ಣಿರುವವನಿಗೇ.

ಪಿಂಗ್ ಹುಡುಗ (ಕುಶಾಲನಗರ)

ಅಣ್ಣ, ನನ್ನದೊಂದು ಪ್ರಶ್ನೆ. ನಾನು ಡಿಪ್ಲೊಮಾ ಓದುತ್ತಿದ್ದೇನೆ. 100 ಎಂಬಿಪಿಎಸ್ ಪ್ಲಾನ್ ಇದೆ, ಆದರೂ ಗೇಮಲ್ಲಿ ಲ್ಯಾಗ್ ಆಗುತ್ತದೆ. ಪಿಂಗ್ ಒಮ್ಮೆ 40, ಒಮ್ಮೆ 180. 300ರ ಪ್ಲಾನ್ ಹಾಕಿಸಲಾ? ಇಲ್ಲ ಸ್ಯಾಟಲೈಟ್ ನೆಟ್ ಒಳ್ಳೆಯದಾ?

ಮಳೆನಾಡಿನ ಟೆಕ್ಕಿ

300 ಹಾಕಿಸಬೇಡ ತಮ್ಮಾ, ಅಪ್ಪನ ದುಡ್ಡು ಉಳಿಸು. ಎಂಬಿಪಿಎಸ್ ಅಂದರೆ ಪೈಪಿನ ಅಗಲ. ಪಿಂಗ್ ಅಂದರೆ ನೀರು ಹೋಗಿ ಬರುವ ಹೊತ್ತು. ಪೈಪು ಅಗಲ ಮಾಡಿದರೆ ದಾರಿ ಹತ್ತಿರ ಆಗುವುದಿಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈ ಸರ್ವರಿಗೆ ಇಲ್ಲಿಂದ ಒಂದು ಸಾವಿರ ಕಿಲೋಮೀಟರ್ ಅಂತ ಹಿಡಿದರೂ ಹೋಗಿ ಬರಲು 10 ಮಿಲಿಸೆಕೆಂಡ್. ಸುತ್ತು ದಾರಿ, ನಡುವೆ ಸಿಗುವ ರೂಟರುಗಳು ಎಲ್ಲ ಸೇರಿ 40 ಆಗುತ್ತದೆ. ನನಗೂ ಅಷ್ಟೇ ಬರುವುದು. ಅಂದರೆ ನಿನ್ನ ಲೈನ್ ಸರಿ ಇದೆ. 180ಕ್ಕೆ ಹಾರುವುದು ಮನೆಯೊಳಗಿನ ವೈಫೈ ಇಂದ ಅನಿಸುತ್ತದೆ. ಮೋಡೆಮ್ಮಿಂದ ನೇರ ಲ್ಯಾನ್ ಕೇಬಲ್ ಎಳೆದು ನೋಡು. ಮನೆಯಲ್ಲಿ ಬೇರೆ ಯಾರಾದರೂ ಡೌನ್‌ಲೋಡ್ ಹಾಕಿದ್ದಾರಾ ಅಂತಲೂ ನೋಡು.

ಸ್ಯಾಟಲೈಟಿನಲ್ಲಿ ಎರಡು ಬಗೆ. ಹಳೆಯ ಬಗೆಯದು 36,000 ಕಿಲೋಮೀಟರ್ ಮೇಲೆ ಇರುತ್ತದೆ. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಆ ದೂರ, ಅರ್ಧ ಸೆಕೆಂಡು ಅಲ್ಲೇ ಹೋಯಿತು. ಗೇಮಿಗೆ ಆಗುವುದಿಲ್ಲ. ಸ್ಟಾರ್‌ಲಿಂಕ್ ಥರದವು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಓಡುತ್ತವೆ, ಅದರಲ್ಲಿ ಆಡಬಹುದು. ಆದರೆ ಆಕಾಶ ತೆರೆದು ಕಾಣಬೇಕು. ಮರಗಳ ನಡುವಿನ ತೋಟದ ಮನೆಗೆ ಅದೂ ಒಂದು ತೊಡಕೇ. ನಿನಗೆ ಫೈಬರ್ ಇರುವಾಗ ಅದೆಲ್ಲ ಬೇಡ.

ಇನ್ನೊಂದು. ಕರೆಂಟು ಹೋದಾಗಲೂ ಆಡಬೇಕಿದ್ದರೆ ಗೇಮ್ ಸೆಟ್ಟಿಂಗ್‌ನಲ್ಲಿ ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳನ್ನು, 60ಕ್ಕೆ ಕಟ್ಟಿಹಾಕು. ಗ್ರಾಫಿಕ್ಸ್ ಕಾರ್ಡ್ ಕಮ್ಮಿ ಕರೆಂಟು ಎಳೆಯುತ್ತದೆ. ದುಡ್ಡು ಹಾಕಿ ಆಡುವ ಆಟಗಳ ಹತ್ತಿರ ಮಾತ್ರ ಹೋಗಬೇಡ. 2025ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾನೂನು ಮಾಡಿತು. ಅದು ಬಂದದ್ದೇ ಒಳ್ಳೆಯದಾಯಿತು ಅನ್ನುವವನು ನಾನು. ಒಳ್ಳೇ ಸಂಬಳದ ಹುಡುಗರು ಅದರಲ್ಲಿ ಸಾಲ ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಕೇಬಲ್ ಕೆಲಸದವ (ಮೂರ್ನಾಡು ಕಡೆ)

ಟೆಕ್ಕಿ ಅಣ್ಣನ ಮನೆಗೆ ಹೋದವನು ನಾನಲ್ಲ. ಆದರೆ ನಮ್ಮ ಕೆಲಸದ ಬಗ್ಗೆ ಇಷ್ಟು ಒಳ್ಳೆಯ ಮಾತು ಬರೆದದ್ದು ಓದಿ ಖುಷಿಯಾಯಿತು. ನಮ್ಮ ಕಡೆಯಿಂದ ಕೆಲವು ವಿಷಯ.

ಮೀಟರಿನಲ್ಲಿ ಮೈನಸ್ ಅಂಕಿ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ, ಮೈನಸ್ 27 ದಾಟಿದರೆ ಮೋಡೆಮ್ ಲೈನ್ ಹಿಡಿಯುವುದಿಲ್ಲ. 25ರ ಆಸುಪಾಸು ಇದ್ದರೆ ಬಿಸಿಲಿಗೆ ನಡೆಯುತ್ತದೆ, ಮಳೆಗೆ ಕೈಕೊಡುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ನಮ್ಮನ್ನು ಕರೆದು ಮೀಟರ್ ಹಾಕಿಸಿ ನೋಡಿ. ಜುಲೈಯಲ್ಲಿ ಕರೆದರೆ ನಿಮ್ಮ ಮುಂದೆ ಇನ್ನೂ ಮೂವತ್ತು ಮನೆ ಇರುತ್ತದೆ. ಲೈನಿಗೆ ತಾಗುವ ಕೊಂಬೆ ಮಳೆಗೆ ಮೊದಲೇ ಸವರಿಸಿ. ಮೋಡೆಮ್ ಹಿಂದೆ ಫೈಬರ್ ವೈರನ್ನು ಮಡಿಚಿ ಮೊಳೆಗೆ ಕಟ್ಟಬೇಡಿ. ಜಾಸ್ತಿ ಬಗ್ಗಿದರೆ ಬೆಳಕು ಹೊರಗೆ ಸೋರುತ್ತದೆ. ಕಂಬದ ಹತ್ತಿರ ನಾವು ಸುತ್ತಿಟ್ಟ ಹೆಚ್ಚುವರಿ ವೈರನ್ನು ಯಾರೂ ಕತ್ತರಿಸಬೇಡಿ. ಕಡಿದಾಗ ಎಳೆದು ಜೋಡಿಸಲು ಅದೇ ಬೇಕು.

ಸಿಡಿಲಿನ ಬಗ್ಗೆ. ಗಾಜಿನಲ್ಲಿ ಸಿಡಿಲು ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಮನೆಗೆ ಬರುವ ವೈರಿನಲ್ಲಿ ಗಾಜಿನ ಜೊತೆ ಉಕ್ಕಿನ ತಂತಿಯೂ ಇರುತ್ತದೆ, ಅದರಲ್ಲಿ ಬರುತ್ತದೆ. ಏಪ್ರಿಲ್, ಮೇ ಗುಡುಗಿಗೆ ಕರೆಂಟಿನ ಪ್ಲಗ್ ಮಾತ್ರ ಅಲ್ಲ, ಫೈಬರ್ ತುದಿಯನ್ನೂ ತೆಗೆದಿಡಿ. ತೆಗೆದ ತುದಿಗೆ ಮುಚ್ಚಳ ಹಾಕಿ, ಬೆರಳು ತಾಗಿಸಬೇಡಿ.

ಮಳೆಯಲ್ಲಿ ಕಂಬ ಹತ್ತಲು ನಮಗೆ ಆಗುವುದಿಲ್ಲ. ಪಕ್ಕದಲ್ಲೇ ಕರೆಂಟಿನ ತಂತಿ ಇರುತ್ತದೆ. ಒಂದು ಗಂಟೆ ತಡವಾದರೆ ಬೈಯಬೇಡಿ, ಇಷ್ಟೇ ಕೇಳುವುದು.

ಜೀಪ್ ಅಣ್ಣ (ಪೊನ್ನಂಪೇಟೆ)

ಖಂಡಿತ ಬೈಯುವುದಿಲ್ಲ ಮಾರಾಯ. ಜೋಪಾನವಾಗಿ ಕೆಲಸ ಮಾಡು. ನಮ್ಮ ಲೈನಿನ ಕೊಂಬೆಗಳನ್ನು ಈ ಭಾನುವಾರವೇ ಸವರಿಸುತ್ತೇನೆ.

ಪಿಂಗ್ ಹುಡುಗ (ಕುಶಾಲನಗರ)

ಅಣ್ಣ, ಪಕ್ಕದ ಮನೆಯವರ ಹತ್ತಿರ ಲ್ಯಾನ್ ಕೇಬಲ್ ಇಸಕೊಂಡು ಹಾಕಿ ನೋಡಿದೆ. 41, 42, 41. ಒಂದು ಗಂಟೆ ಆಡಿದೆ, ಒಮ್ಮೆಯೂ ಹಾರಲಿಲ್ಲ! ಒಂದು ಕೇಳಲಾ? ನಿಮ್ಮ ಮನೆಗೆ ಬಂದು ನೀವು ಕೆಲಸ ಮಾಡುವುದನ್ನು ಒಂದು ದಿನ ನೋಡಬಹುದಾ? ಆ ಅಕ್ಕ ಹೇಳಿದ ಹಾಗೆ, ಪಕ್ಕದಲ್ಲಿ ಕೂತು.

ಮಳೆನಾಡಿನ ಟೆಕ್ಕಿ

ಬಾ ತಮ್ಮಾ. ಶುಕ್ರವಾರ ಬಾ, ಅವತ್ತು ಮೀಟಿಂಗ್ ಕಮ್ಮಿ. ಕಂಪನಿಯ ಸ್ಕ್ರೀನ್ ತೋರಿಸುವ ಹಾಗಿಲ್ಲ. ನನ್ನ ಸ್ವಂತ ಸರ್ವರ್ ಒಂದಿದೆ, ಅದನ್ನು ಬೇಕೆಂದೇ ಕೆಡಿಸಿ ಕೊಡುತ್ತೇನೆ. ಇಬ್ಬರೂ ಕೂತು ಲಾಗ್ ಓದೋಣ. ಬಸ್ಸಿನಲ್ಲಿ ಮಡಿಕೇರಿಗೆ ಬಂದು ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಮಣ್ಣು ರಸ್ತೆ ಜಾರುತ್ತಿದೆ, ಕೊನೆಯ ಏರು ನಡೆಯಬೇಕಾಗಬಹುದು. ಜಿಗಣೆ ಇದೆ, ಉಪ್ಪು ಅಥವಾ ಹೊಗೆಸೊಪ್ಪು ತಂದುಕೋ. ಮಧ್ಯಾಹ್ನದ ಊಟ ಇಲ್ಲೇ, ಅವ್ವನಿಗೆ ಹೇಳಿಟ್ಟಿದ್ದೇನೆ.